ಕಡತದಲ್ಲಿಲ್ಲದ ಕೆರೆ

ಸಾವಿತ್ರಕ್ಕ, ಹಲಸೂರು ಕೆರೆ ಎಂದು ನಿಮಗೆ ಹೇಳಿದ್ದು ಸುಳ್ಳು. ನಿಮ್ಮ ಮನೆಯ ಕಡತದಲ್ಲಿ ಆ ಹೆಸರಿರಲಿಲ್ಲ — ಅದು ನಾನು ಹುಟ್ಟಿಸಿದ್ದು.

ನಿಮ್ಮೂರು ನಗರದ ಹೊಲಿಗೆ ಅಂಗಡಿಯಲ್ಲಿ ನೀವು ಆ ಬಟ್ಟೆಯ ಕಡತವನ್ನು ನನ್ನ ಕೈಗಿಟ್ಟ ಗಳಿಗೆಯಿಂದ ಏನೇನು ಅನಾಹುತ ಆಗಬಹುದೆಂದು ನೆನೆದು ಬೆವರಿದೆ. ಬಸ್ಸಿನಲ್ಲಿ ಚೀಲ ಮರೆಯಬಹುದು. ಪಕ್ಕದ ಸೀಟಿನ ಮಗು ವಾಂತಿ ಮಾಡಬಹುದು. ತೀರ್ಥಹಳ್ಳಿಯ ಮನೆಯಲ್ಲಿ ಇಲಿ, ಗೆದ್ದಲು. ಹಳೆ ಬಟ್ಟೆಯೆಂದು ಸ್ಟೀಲ್ ಪಾತ್ರೆಯವನಿಗೆ ಹಾಕಿಬಿಡುವ ನನ್ನ ಹೆಂಡತಿ! ಇದ್ಯಾವುದೂ ಆಗಲಿಲ್ಲ.

ನೀವು ನಕ್ಕಿದ್ದಿರಿ. “ನಿಮ್ ಹೆದ್ರಿಕೆ ನೋಡಿದ್ರೆ ನಾನೇ ಹೊತ್ಕಂಡ್ ಬರ್ಬೇಕು. ಒದ್ದೆ ಮಾತ್ರ ತಾಗಿಸ್ಬೇಡಿ ಮೇಷ್ಟ್ರೇ.” ಇದ್ದಿಲು, ಹುಣಸೆಬೀಜದ ಅಂಟು ಬಳಿದ ಕಪ್ಪು ಬಟ್ಟೆ, ಅದರ ಮೇಲೆ ಬಳಪದ ಬರಹ — ಸ್ಲೇಟಿನಂತೆ ಅಳಿಯುತ್ತದೆಂದು ಇತಿಹಾಸದ ಮೇಷ್ಟ್ರಿಗೆ ಗೊತ್ತಿರಲಿಲ್ಲವೆ?

ಇಂಗ್ಲಿಷರು ಬೆಂಗಳೂರಿನಲ್ಲಿ ಸೈನ್ಯಕ್ಕೆಂದು ದಂಡು ಪ್ರದೇಶ ಕಟ್ಟಲು ನೆಲ ಹಿಡಿದಾಗ ನಿಮ್ಮ ಹಿರಿಯರು ಹೊಲ ಬಿಟ್ಟು ಈ ಕಡೆ ಬಂದರಂತೆ. ಅವರು ಬರೆದಿಟ್ಟ ಆ ಹಳೆಯ ಅಕ್ಷರ ನಿಮ್ಮ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಹೊಲ ಎಲ್ಲಿತ್ತು — ನಿಮಗೆ ಬೇಕಾದದ್ದು ಅಷ್ಟೆ. “ಒಂದ್ಸಲ ಅಲ್ಲಿ ನಿಂತ್ಕಂಡ್ ಬರ್ಬೇಕು. ಮತ್ತೇನೂ ಬ್ಯಾಡ.”

ಮೊದಲ ಮಡಿಕೆ ಬಿಚ್ಚಿದೆ ನೋಡಿ! ದಂಡಿನ ಕಥೆಯನ್ನು ಇಪ್ಪತ್ತು ವರ್ಷ ಒಂದೇ ಪ್ಯಾರಾದಲ್ಲಿ ಮುಗಿಸಿದವನ ಎದುರು ಆ ನೆಲವೇ ಮಾತಾಡುತ್ತಿತ್ತು. ಗುಡಾರ ಹೊಡೆದರು. ಗೂಟ ನೆಟ್ಟರು. ನಿಂತ ರಾಗಿಯ ಮೇಲೆ ಅಳತೆಯ ಸರಪಳಿ ಎಳೆದರು. ಕವಾಯತಿನ ಬಯಲಿಗೆಂದು ಹುಣಸೆತೋಪು ಕಡಿದರು. ಕೂತು ಓದಲಾಗಲಿಲ್ಲ, ಎದ್ದು ಓದಿದೆ, ಹೆಂಡತಿಯನ್ನು ಕರೆದು ಮತ್ತೆ ಓದಿದೆ. ಆಮೇಲೆ ನಿಮ್ಮ ಹೊಲದ ಚೆಕ್ಕುಬಂದಿ! ಮೂಡಲಿಗೆ ಬಂಡಿದಾರಿ, ತೆಂಕಲಿಗೆ ಬಾವಿ, ಪಡುವಲಿಗೆ — ಅಷ್ಟಕ್ಕೆ ಮಡಿಕೆ ಮುಗಿದಿತ್ತು; ಉಳಿದದ್ದು ಮುಂದಿನ ಮಡಿಕೆಯ ತುದಿಯಲ್ಲಿ. ತಡೆಯಲಾಗಲಿಲ್ಲ. ಉತ್ತರಪತ್ರಿಕೆ ತಿರುವಿ ಬಂದ ಚಾಳಿ — ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಮಡಿಕೆ ತಿರುವಿದೆ.

ಬೆರಳೆತ್ತಿದಾಗ ಅಲ್ಲಿ ‘ಕೆರೆ’ ಎಂಬುದಷ್ಟೇ ಉಳಿದಿತ್ತು. ಕೆರೆಯ ಹೆಸರು ನನ್ನ ಹೆಬ್ಬೆರಳಲ್ಲಿ ಬೆಳ್ಳಗೆ ಅಂಟಿತ್ತು.

ಅದೇ ಸಂಜೆ ನಿಮ್ಮ ಫೋನು. “ಸಿಕ್ತಾ ಮೇಷ್ಟ್ರೇ?”

“ಸಿಕ್ತು ಅಕ್ಕ. ಹಲಸೂರು ಕೆರೆ.”

ದಂಡಿನ ಕಡೆ ಆ ಗಳಿಗೆಗೆ ನನಗೆ ನೆನಪಾದ ಕೆರೆ ಅದೊಂದೇ. ನಾಳೆ ನಿಜ ಹೇಳೋಣ ಅಂದುಕೊಂಡೆ — ಅಷ್ಟರಲ್ಲಿ ನೀವು ಟಿಕೆಟ್ ಮಾಡಿಸಿ ಆಗಿತ್ತು. ಹೋದಿರಿ, ನಿಂತಿರಿ. ಬಂದು ನನಗೆ ಊಟಕ್ಕೆ ಹೇಳಿದಿರಿ. “ಚಪ್ಲಿ ಬಿಟ್ಟು ನಿಂತೆ, ಹಿರಿಯೋರೆಲ್ಲ ಅಲ್ಲೇ ಇದ್ದಂಗಾಯ್ತು” ಎಂದು ಕಣ್ಣೊರೆಸಿಕೊಂಡಿರಿ. ನಾನು ತಲೆಯಾಡಿಸಿದೆ. ಎರಡನೇ ಸಲ ಪಾಯಸ ಬಡಿಸಿದಿರಿ, ಅದನ್ನೂ ತಿಂದೆ.

ಹನ್ನೊಂದು ವರ್ಷ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ಎಣಿಸಿ ನೋಡುವವನು — ಇದೊಂದನ್ನು ಮಾತ್ರ ಹೇಗೆ ನೆಮ್ಮದಿಯಾಗಿ…

ಮೊನ್ನೆ ಫೋನಿನಲ್ಲಿ ನಿಮ್ಮ ದನಿ ಹಿಗ್ಗಿ ಹೋಗಿತ್ತು. ಶನಿವಾರ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಆ ಜಾಗ ತೋರಿಸುತ್ತೀರಂತೆ.

ಶುಕ್ರವಾರ ಬೆಳಗಿನ ಬಸ್ಸಿಗೆ ನಾನು ನಿಮ್ಮೂರಿಗೆ ಬರುತ್ತೇನೆ. ನಮ್ಮ ಹೊಲ ಯಾವ ಕೆರೆಯ ಹತ್ತಿರ ಇತ್ತು ಎಂದು ಆ ಮಗು ಕೇಳಿದರೆ ನೀವು ಬಾಯಿ ತೆರೆಯಬೇಡಿ, ಅಕ್ಕ. ಗೊತ್ತಿಲ್ಲ ಎಂದು ನಾನೇ ಹೇಳುತ್ತೇನೆ. ಯಾಕೆ ಗೊತ್ತಿಲ್ಲ ಎಂಬುದನ್ನೂ.