ಕಥೆಯಲ್ಲಿ ಸತ್ತ ಅತ್ತೆ

ಬೀದರಿನ ಮೈಲೂರು ಬಡಾವಣೆಯ ನಮ್ಮ ಪಕ್ಕದ ಮನೆಯಲ್ಲಿ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ನನ್ನ ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ. ಇವತ್ತೂ ನಿಂತಿತು. ನಿಲ್ಲುವಂಥದ್ದೇನೂ ಬರೆದಿರಲಿಲ್ಲ ಅನ್ನಿ. ಬೆಳಗಿನಿಂದ ಎರಡು ಸಾಲು, ಅದರಲ್ಲೊಂದನ್ನು ಹೊಡೆದುಹಾಕಿದ್ದೆ. ಬರೆಯಬೇಕಾದದ್ದು ಸಂತಪುರದ ನನ್ನ ಸೋದರತ್ತೆಯ ಬಗ್ಗೆ. ಅವಳು ತೀರಿಕೊಂಡು ಮೂರು ತಿಂಗಳಾಯಿತು.

ತೊಂದರೆ ಏನೆಂದರೆ, ಅವಳ ಸಾವನ್ನು ನಾನು ಎಂಟು ವರ್ಷ ಮೊದಲೇ ಬರೆದುಬಿಟ್ಟಿದ್ದೆ. ಆಗ ನನಗೆ ಕಥೆಗಾರನೆಂಬ ಹೊಸ ಅಮಲು. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಥೆ ಬಂತು: ಕುರಿ ಸಾಕುವ ಅತ್ತೆ, ಅವಳದೇ ಹೆಸರು, ಅವಳದೇ ಊರು, ಕೊನೆಗೆ ಕುರಿದೊಡ್ಡಿಯಲ್ಲಿ ಅವಳ ಸಾವು. ಹೆಸರು ಬದಲಿಸಿದರೆ ಕಥೆಯ ಜೀವ ಹೋಗುತ್ತದೆಂದು ನಂಬಿದ್ದೆ. ಹೋದದ್ದು ಅತ್ತೆಯ ಜೀವ.

ಭಾಲ್ಕಿಯ ನೆಂಟರಿಗೆ ಪತ್ರಿಕೆಯಲ್ಲಿ ಬಂದದ್ದೆಲ್ಲ ಸುದ್ದಿಯೇ. ಸತ್ತವರ ಮನೆಗೆ ಫೋನು ಮಾಡಿ ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ, ಹೋಗಬೇಕು. ಅಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ರೊಟ್ಟಿ, ಪುಂಡಿಪಲ್ಯದ ಬುತ್ತಿ ಕಟ್ಟಿಕೊಂಡು ಜೀಪಿನಲ್ಲಿ ಹೋದರು. ಅಂಗಳದಲ್ಲೇ ಶುರುವಾದ ಅಳು, ಕುರಿಮರಿ ಹಿಡಿದುಕೊಂಡು ಹೊರಗೆ ಬಂದ ಅತ್ತೆಯನ್ನು ಕಂಡು ಅರ್ಧಕ್ಕೇ ನಿಂತಿತಂತೆ.

ಈ ಫಜೀತಿಯ ಸುದ್ದಿ ತಿಳಿದು ಬೀದರಿನಿಂದ ಬಸ್ಸು ಹಿಡಿದು ಓಡಿದೆ. ಎಲ್ಲರೂ ಉಣ್ಣುತ್ತಿದ್ದರು. ಭಾಲ್ಕಿಯವರು ನನ್ನ ಮುಖ ನೋಡಲಿಲ್ಲ.

“ಬಾರಪ್ಪ,” ಅಂದಳು ಅತ್ತೆ. “ನಾ ಸತ್ತ ಬುತ್ತಿ ನಾನೇ ಉಣ್ಲಾಕತ್ತೀನಿ. ನೀನೂ ಕೂಡು.”

ಊಟವಾದ ಮೇಲೆ ನನ್ನಿಂದಲೇ ಆ ಕಥೆ ಓದಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಕೊನೆಯವರೆಗೂ ಕೇಳಿ, ಎಲೆಅಡಿಕೆ ಬಾಯಿಗಿಟ್ಟುಕೊಂಡು, “ಸಾಯೋದು ಛಲೋ ಬರ್ದೀದಿ. ಖರೇ ಸತ್ತಾಗ ಮತ್ತೇನ್ ಬರೀತಿ?” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರು ತಿಂಗಳ ಹಿಂದೆ ಅವಳು ಹೋದಾಗ ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಸುತ್ತ ಎಲ್ಲರೂ ಅಳುತ್ತಿದ್ದರು. ನನ್ನ ತಲೆಯಲ್ಲಿ ಹಳೆಯ ಕಥೆಯ ವಾಕ್ಯಗಳು ಓಡುತ್ತಿದ್ದವು. ಕೈ ತಣ್ಣಗಾಗಿತ್ತು ಎಂದು ಬರೆದಿದ್ದೆ. ಮುಟ್ಟಿದರೆ ಕೈ ಇನ್ನೂ ಬೆಚ್ಚಗಿತ್ತು. ಅಯ್ಯೋ, ತಪ್ಪು ಬರೆದೆನಲ್ಲ ಎಂದುಕೊಂಡೆ. ಎತ್ತಿ ಆಡಿಸಿದವಳ ಹೆಣದ ಮುಂದೆ ಕೂತು ನಾನು ಮಾಡಿದ್ದು ಕರಡು ತಿದ್ದುವ ಕೆಲಸ. ಒಂದು ಹನಿ ಕಣ್ಣೀರೂ ಬರಲಿಲ್ಲ. ಆ ನಾಚಿಕೆಯನ್ನು ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು.

ಒಗ್ಗರಣೆಯ ಘಾಟು ಕಡಿಮೆಯಾಯಿತು. ಪೆನ್ನು ಎತ್ತಿಕೊಂಡು ಬರೆದೆ: ‘ಅತ್ತೆ ಸತ್ತಾಗ ನಾನು ಅಳಲಿಲ್ಲ. ನನ್ನ ಹಳೆಯ ಕಥೆಯ ತಪ್ಪು ಹುಡುಕುತ್ತಿದ್ದೆ.’ ಚಂದವೇನೂ ಇಲ್ಲದ ಸಾಲು. ಹೊಡೆದುಹಾಕಲು ಕೈ ಹೋಯಿತು, ಬಿಟ್ಟೆ. ಅದರ ಕೆಳಗೆ ‘ಅವಳ ಕೈ ಇನ್ನೂ ಬೆಚ್ಚಗಿತ್ತು’ ಎಂದು ಬರೆಯುವಷ್ಟರಲ್ಲಿ, ಮೂರು ತಿಂಗಳು ತಡವಾಗಿ, ಅಳು ಬಂತು.