ಯಾರೂ ಕಟ್ಟದ ಬುತ್ತಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಓಣಿಯಲ್ಲಿ ಯಾರಾದರೂ ಹುಣಸೆ ಮರದ ಕೆಳಗೆ ಏನೋ ಕಂಡೆ ಎಂದರೆ, “ಕಣ್ಣು ತೋರಿಸ್ಕೋರಿ” ಎನ್ನುತ್ತಿದ್ದ ಹುಡುಗಿ ನಾನು. ಪಿಯುಸಿಯಲ್ಲಿ ವಿಜ್ಞಾನ ಓದಿದ ಸೊಕ್ಕು ಬೇರೆ. ಈಗಲೂ ಯಾರಾದರೂ ದೆವ್ವದ ಕತೆ ತೆಗೆದರೆ ಎದ್ದು ಹೋಗುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಈ ಒಂದು ಸಂಗತಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಇದರಲ್ಲಿ ದೆವ್ವವಿಲ್ಲ, ಒಂದು ಊಟದ ಡಬ್ಬಿ ಇದೆ, ಅಷ್ಟೇ. ಓದಿ ನಗುವವರು ನಗಬಹುದು, ನನಗೇನೂ ಬೇಸರವಿಲ್ಲ.

ನಮ್ಮದು ಕಮಲಾಪುರ. ಅಪ್ಪ ಬಾಳೆಹಣ್ಣಿನ ವ್ಯಾಪಾರಿ, ಕೆಂಪು ಬಾಳೆ. ಕಲಬುರಗಿಯ ಕಾಲೇಜಿನಲ್ಲಿ ನನಗೆ ಡಿಗ್ರಿಗೆ ಸೀಟು ಸಿಕ್ಕಾಗ ಅಪ್ಪ ಕುಣಿದಾಡಲಿಲ್ಲ, ಬೇಡ ಅನ್ನಲೂ ಇಲ್ಲ. ಹುಮನಾಬಾದಿನ ಕಡೆಯ ಒಂದು ಸಂಬಂಧ ಆಗಲೇ ಅವರ ಮನಸ್ಸಿನಲ್ಲಿತ್ತು. ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ, ಹಾಸ್ಟೆಲಿನಲ್ಲಿರಲಿ ಎಂದವರೂ ಅವರೇ. ಹೊರಡುವ ದಿನ ಬಾಗಿಲಲ್ಲಿ ನಿಂತು ಹೇಳಿದರು: “ನೋಡವ್ವಾ, ಹೋಗಂತ ನಾನೇ ಅಂದೀನಿ, ಹೋಗು. ಆದ್ರ ಮನಸ್ಸು ನಿಲ್ಲವಲ್ದು ಅಂತ ಒಮ್ಮೆ ಗಂಟು ಕಟ್ಕೊಂಡು ವಾಪಸ್ ಬಂದ್ರ, ಮತ್ತ ಹೋಗೂ ಮಾತಿಲ್ಲ.” ಆಮೇಲೆ ಅವ್ವನ ಕಡೆ ತಿರುಗಿ, “ನೀ ಬುತ್ತಿ ಗಿತ್ತಿ ಕಳಸಬ್ಯಾಡ. ಮನಿ ರೊಟ್ಟಿ ದಿನಾ ಹೋದ್ರ ಅಕಿ ಜೀವಾನೂ ಇಲ್ಲೇ ಇರ್ತದ” ಎಂದರು. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಬುತ್ತಿಯ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಕಲಬುರಗಿಯಲ್ಲಿ ಓದುವ ಮಕ್ಕಳಿಗೆ ಸುತ್ತಲಿನ ಊರುಗಳ ತಾಯಂದಿರು ಡಬ್ಬಿಯಲ್ಲಿ ಊಟ ತುಂಬಿ, ಅರಿವೆಯಲ್ಲಿ ಗಂಟು ಕಟ್ಟಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಡುತ್ತಾರೆ. ಮಕ್ಕಳು ಬಸ್ ಸ್ಟ್ಯಾಂಡಿಗೆ ಬಂದು ಇಸಿದುಕೊಂಡು, ಹಿಂದಿನ ದಿನದ ಖಾಲಿ ಡಬ್ಬಿ ಕೊಟ್ಟು ಕಳಿಸುತ್ತಾರೆ. ಡ್ರೈವರಿನ ಹಿಂದಿನ ಕಂಬಿಗೆ ಡಬ್ಬಿಗಳು ಸಾಲಾಗಿ ತೂಗಾಡುತ್ತಿರುತ್ತವೆ. ಚೀಟಿ ಇಲ್ಲ, ರಸೀತಿ ಇಲ್ಲ, ಯಾರ ಡಬ್ಬಿ ಯಾರದೆಂದು ಕಂಡಕ್ಟರಿಗೆ ಗೊತ್ತಿರುತ್ತದೆ.

ಕಾಲೇಜಿಗೆ ನಾನು ಮಾಡಿಕೊಂಡ ತಯಾರಿ ನೆನೆದರೆ ಈಗ ನಗು ಬರುತ್ತದೆ. ಬಕೆಟ್, ಮಗ್ಗು, ಕೀಲಿ, ಎರಡು ಹೊಸ ಚೂಡಿದಾರ. ಓರಿಯೆಂಟೇಶನ್‌ನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಬೇಕಂತೆ ಎಂದು ಯಾರೋ ಹೆದರಿಸಿದ್ದರಿಂದ, ಕನ್ನಡಿಯ ಮುಂದೆ ನಿಂತು ನನ್ನ ಹೆಸರು, ನನ್ನ ಊರು, ನನ್ನ ಹವ್ಯಾಸ ಎಲ್ಲ ಉರುಹೊಡೆದಿದ್ದೆ. ಹವ್ಯಾಸವೇ ಇರಲಿಲ್ಲ, ಒಂದು ಹುಟ್ಟಿಸಿಕೊಂಡಿದ್ದೆ. ಅಲ್ಲಿ ಹೋದರೆ ಪರಿಚಯವನ್ನು ಯಾರೂ ಕೇಳಲಿಲ್ಲ. ಬಲೂನು ಊದಿಸಿದರು, ಪಕ್ಕದವರ ಹೆಸರು ನೆನಪಿಟ್ಟುಕೊಳ್ಳುವ ಆಟ ಆಡಿಸಿದರು. ಲೈಬ್ರರಿ, ಲ್ಯಾಬು, ಕ್ಯಾಂಟೀನು ಎಂದು ಕುರಿಮಂದೆಯ ಹಾಗೆ ಸುತ್ತಿಸಿದರು.

ನನಗೆ ಯಾರೂ ಅವಮಾನ ಮಾಡಲಿಲ್ಲ. ಐವಾನ್-ಎ-ಶಾಹಿಯ ಹತ್ತಿರದ ಹಾಸ್ಟೆಲಿನಲ್ಲಿ ರೂಮು ಚೆನ್ನಾಗಿತ್ತು, ಜೊತೆಗಿದ್ದ ರೆಹಾನಾ ಬಂಗಾರದಂಥ ಹುಡುಗಿ. ಆದರೂ ನನ್ನ ಜೀವ ನಿಲ್ಲಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿ ಹೋಗಬೇಕೋ ಗೊತ್ತಿಲ್ಲ. ಮೆಸ್ಸಿನ ಅನ್ನ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದೆ. ಮಾತಾಡುವವರ ಬಾಯಿ ಕಾಣುತ್ತಿತ್ತು, ಮಾತು ಕಿವಿಗೆ ಬೀಳುತ್ತಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಊಟದ ನಂತರ ಹಾಜರಿ ತೆಗೆದು ಸೆಕ್ಷನ್ ಹಂಚುವವರಿದ್ದರು. ಅದಕ್ಕೆ ಇಲ್ಲದವರ ಸೀಟು ಕಾಯುತ್ತಿರುವವರಿಗೆ ಹೋಗುತ್ತದೆಂದು ಮೈಕಿನಲ್ಲೇ ಹೇಳಿದ್ದರು. ಅದು ಗೊತ್ತಿದ್ದೂ ನಾನು ರೂಮಿಗೆ ಬಂದು ಚೀಲಕ್ಕೆ ಬಟ್ಟೆ ತುರುಕಿದೆ. ಹಾಳಾಗಿ ಹೋಗಲಿ ಓದು, ಮದುವೆಯಾದರೆ ಆಗಲಿ, ಮನೆಗೆ ಹೋಗಿಬಿಡಬೇಕು. ತಲೆಯಲ್ಲಿ ಅದೊಂದೇ. “ಚಾದರ ತರಾಕ ಹೊಂಟೀನಿ” ಎಂದು ರೆಹಾನಾಗೆ ಹೇಳಿದೆ. ನಾನು ಊರಿಗೆ ಹೊರಟದ್ದು ನನಗೊಬ್ಬಳಿಗೇ ಗೊತ್ತಿತ್ತು. ಇದನ್ನು ನೆನಪಿಡಿ.

ಬಸ್ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಗಾಡಿ ನಿಲ್ಲುವಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತೆ. ಆ ಕಡೆಯಿಂದ ಬಂದ ಬಸ್ಸು ನಿಂತಿತು, ಅದೇ ತಿರುಗಿ ಹೋಗುವುದು. ಜನ ಇಳಿದರು. ಹತ್ತಬೇಕೆಂದು ಕಾಲು ಎತ್ತಿದೆ, ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಇಟ್ಟರು. ಅವರು ನಮ್ಮ ಅಂಗಡಿಗೆ ಹಣ್ಣಿಗೆ ಬರುವವರು, ಮುಖ ಪರಿಚಯವಿತ್ತು.

“ಏ ತಂಗಿ, ನೀ ಬಾಳೆಹಣ್ಣಿನವರ ಮಗಳಲ್ಲಾ? ತಗೋ, ನಿಮ್ಮವ್ವ ಕೊಟ್ಟಾಳ” ಎಂದು ಒಂದು ಗಂಟು ಕೈಗಿಟ್ಟರು. “ಚೀಲ ಹಾಕ್ಕೊಂಡು ನಿಂತಿರ್ತಾಳ, ಗಾಡಿ ಹತ್ತಬ್ಯಾಡ, ಉಂಡು ಕಾಲೇಜಿಗೆ ಹೋಗು ಅಂತ ಹೇಳ್ರಿ ಅಂದಾಳ. ಹಂಗ ನಿಂತೀದಿ ನೋಡು!”

ಅವರು ನಗುತ್ತ ಚಹಾ ಕುಡಿಯಲು ಹೋದರು. ನಾನು ಕಲ್ಲುಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದೆ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಅವ್ವ ಪುಂಡಿಪಲ್ಯಕ್ಕೆ ಹಸಿ ಶೇಂಗಾ ಹಾಕುತ್ತಾಳೆ, ನಮ್ಮ ಓಣಿಯಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಇದರಲ್ಲೂ ಇತ್ತು. ತಾಸಿಗೂ ಹೆಚ್ಚು ದಾರಿ ಬಂದ ರೊಟ್ಟಿ ಹಂಚಿನಿಂದ ಈಗ ತೆಗೆದಂತೆ ಬಿಸಿ ಇತ್ತು. ಆಗ ಅದೂ ವಿಚಿತ್ರ ಅನ್ನಿಸಲಿಲ್ಲ. ಅಪ್ಪನ ಮಾತು ಮೀರಿ ಕಳಿಸಿದ್ದಾಳಲ್ಲ ಎಂದು ಅಳು ಬಂತು. ಜನ ನೋಡುತ್ತಿದ್ದರು, ನೋಡಲಿ ಎಂದು ಅಳುತ್ತಲೇ ಉಂಡೆ. ಹೊಟ್ಟೆ ತುಂಬಿದ ಹಾಗೆ ಎದೆಯೊಳಗಿನ ಆ ತಳಮಳ ಇಳಿಯುತ್ತ ಬಂತು. ತಲೆ ಎತ್ತಿ ನೋಡಿದರೆ ಬಸ್ಸು ಹೋಗಿತ್ತು. ಆಟೋ ಹಿಡಿದು ಕಾಲೇಜಿಗೆ ಓಡಿದೆ. ನನ್ನ ಹೆಸರು ಕೂಗುವ ಹೊತ್ತಿಗೆ ಬಾಗಿಲಲ್ಲೇ ಏದುಸಿರು ಬಿಡುತ್ತ ಕೈ ಎತ್ತಿದೆ.

ಉಳಿದ ರೊಟ್ಟಿಯನ್ನು ಸಂಜೆ ರೆಹಾನಾ ತಿಂದಳು. “ಯಾ ಅಲ್ಲಾ, ನಿಮ್ಮವ್ವನ ಕೈಯಾಗ ಏನೈತಿ!” ಎಂದು ಬೆರಳು ಚೀಪಿದಳು. ಅದು ನನ್ನ ಭ್ರಮೆ ಎನ್ನುವವರಿಗೆ ಇಷ್ಟು ಸಾಕು.

ಅದೇ ಹೊತ್ತಿಗೆ ಅವ್ವನ ಫೋನು ಬಂತು. ಕೋಟನೂರಿನಲ್ಲಿರುವ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಹೆಣ್ಣು ಹಡೆದಿದ್ದಳು. ನನಗೆ ಖುಷಿಯೋ ಖುಷಿ. ಎಲ್ಲ ಕೇಳಿಸಿಕೊಂಡು, “ಬುತ್ತಿ ಮುಟ್ಟಿತವ್ವ, ಸರಿ ಹೊತ್ತಿಗೆ ಮುಟ್ಟಿತು” ಎಂದೆ.

“ಯಾವ ಬುತ್ತಿ?”

ನಾನು ಹೇಳಿದೆ. ಅವ್ವ ದನಿ ಏರಿಸಿದಳು. “ಏನ ಮಾತಾಡ್ತಿಯವ್ವ? ನಸುಕಿನಾಗ ಬ್ಯಾನಿ ಶುರುವಾಗ್ಯಾವ ಅಂತ ಫೋನ್ ಬಂತು. ನಿಮ್ಮಪ್ಪ ಆವಾಗಲೇ ಗಾಡಿಯಾಗ ಹಣ್ಣು ಹಾಕ್ಕೊಂಡು ಹೈದರಾಬಾದಿಗೆ ಹೋಗಿದ್ರು. ಮನಿಗಿ ಕೀಲಿ ಹಾಕಿ ಕೋಟನೂರಿಗೆ ಬಂದಾಕಿ ಇನ್ನೂ ದವಾಖಾನ್ಯಾಗ ಅದೀನಿ. ಒಲಿ ಸೈತ ಹಚ್ಚಿಲ್ಲ.”

ಮರುದಿನ ಆ ಕಂಡಕ್ಟರನ್ನು ಹಿಡಿದು ಕೇಳಿದೆ. “ಅಯ್ಯ, ನಿಮ್ಮವ್ವನ ಗುರ್ತ ನನಗಿಲ್ಲೇನು? ಗಾಡಿ ಹೊಂಡೂ ಹೊತ್ತಿಗೆ ಬಂದ್ಲು, ಕೊಟ್ಲು” ಎಂದು ನನ್ನ ಮೇಲೆಯೇ ರೇಗಿದರು. ಬೇರೆ ಯಾವಳೋ ಹುಡುಗಿಯ ಬುತ್ತಿ ಉಂಡುಬಿಟ್ಟೆನೇನೋ ಎಂದು ಕಮಲಾಪುರದ ಕಡೆಯ ಹುಡುಗಿಯರನ್ನೆಲ್ಲ ವಿಚಾರಿಸಿದೆ. ಆ ದಿನ ಯಾರ ಬುತ್ತಿಯೂ ತಪ್ಪಿಹೋಗಿರಲಿಲ್ಲ. ರಜೆಗೆ ಊರಿಗೆ ಹೋದಾಗ ಕೇಳಿದರೆ ನಮ್ಮ ಓಣಿಯ ಹೆಂಗಸರೂ ತಾವಲ್ಲ ಎಂದರು. ಡಬ್ಬಿಯನ್ನು ಅವ್ವನಿಗೆ ತೋರಿಸಿದೆ. ಸಾದಾ ಸ್ಟೀಲಿನದು, ಹೆಸರು ಕೊರೆಸಿಲ್ಲ. “ನಮ್ಮದಲ್ಲ” ಎಂದಳು. ಬೇರೆಯವರ ಡಬ್ಬಿ ಖಾಲಿ ಮರಳಿಸಬಾರದೆಂದು ಅದರೊಳಗೆ ಸಕ್ಕರೆ ತುಂಬಿ, ಕೇಳಿಕೊಂಡು ಬಂದವರಿಗೆ ಕೊಡಲು ಗೋಡೆಯ ಮಾಡದಲ್ಲಿ ಇಟ್ಟಳು. ಸಕ್ಕರೆಗೆ ಇರುವೆ ಹತ್ತಿದಾಗೆಲ್ಲ ಬದಲಿಸಿದಳು. ಯಾರೂ ಬರಲಿಲ್ಲ.

ಅಷ್ಟರಲ್ಲಿ ಅವ್ವನಿಗೆ ಒಂಥರಾ ಹಟ ಹುಟ್ಟಿತು. “ನನ್ನ ಮಗಳಿಗೆ ಉಣ್ಣಾಕ ಹಾಕಾಕಿ ಅದ್ಯಾವಾಕಿ?” ಎಂದು ಅಪ್ಪನ ಎದುರಿಗೇ ಬುತ್ತಿ ಕಟ್ಟತೊಡಗಿದಳು. ಅಪ್ಪ ಎರಡು ದಿನ ಗೊಣಗಿ, ಮೂರನೆಯ ದಿನ ತಾವೇ ಬಸ್ಸಿಗೆ ಕೊಟ್ಟು ಬಂದರು. ಓದು ಮುಗಿಯುವವರೆಗೂ ಆ ಬುತ್ತಿ ತಪ್ಪಲಿಲ್ಲ. ಹುಮನಾಬಾದಿನ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು, ಪುಣ್ಯಾತ್ಮ.

ಓದು ಮುಗಿದ ಮೇಲೆ ಒಮ್ಮೆ ರೆಹಾನಾ ಕಮಲಾಪುರಕ್ಕೆ ಬಂದಿದ್ದಳು. ಅಡುಗೆಮನೆಯಲ್ಲಿ ಕೂತು ಅದೇ ಮಾತು ತೆಗೆದಳು. “ನಿಮ್ಮ ಜೀವೆಲ್ಲಾ ಮಗಳ ಮ್ಯಾಲಿತ್ತಲ್ರೀ ಅವ್ವಾರ, ಅದಕ್ಕ ಬುತ್ತಿ ಬಂದಿತ್ತು. ತಾಯಿ ದಿಲ್ ಅಂದ್ರ ಹಂಗೇ ಇರ್ತದ.” ಸುಳ್ಳು ಯಾಕೆ, ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ದೆವ್ವ ನಂಬದವಳು ಇದೊಂದನ್ನು ನಂಬಿಕೊಂಡು ಸಮಾಧಾನವಾಗಿದ್ದೆ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

“ಇಲ್ಲವ್ವ. ಆ ದಿನಾ ನನ್ನ ತಂಗಿ ಜೀವಾ ಹೋಗಾಕತ್ತಿತ್ತು. ಡಾಕ್ಟರ್ ಕೈ ಚೆಲ್ಲಿ ಕುಂತಿದ್ರು, ಫೋನಿನಾಗ ಇಕಿಗಿ ಹೇಳಲಿಲ್ಲ ಅಷ್ಟ. ಮುಂಜಾನಿಂದ ಸಂಜಿತನಕಾ ಮಗಳು ಅನ್ನಾಕಿ ಒಬ್ಬಾಕಿ ಅದಾಳ ಅನ್ನೂದೇ ನನಗ ನೆನಪಾಗ್ಲಿಲ್ಲ.”

ಹೇಳಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ರೆಹಾನಾ ನನ್ನ ಮುಖ ನೋಡಿದಳು. ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಆ ಮಧ್ಯಾಹ್ನ ನಾನು ಹಸಿದಿದ್ದೆ, ಹೆಗಲಿಗೆ ಚೀಲ ಹಾಕಿ ಬಸ್ಸಿಗೆ ನಿಂತಿದ್ದೆ ಎಂಬುದು ನನ್ನ ತಾಯಿಗೂ ತಿಳಿದಿರಲಿಲ್ಲ. ಮತ್ತೆ ಯಾರಿಗೆ ತಿಳಿದಿತ್ತು? ನನಗೆ ಇವತ್ತಿಗೂ ಗೊತ್ತಿಲ್ಲ.