ಹುಳುಮನೆಯ ಬಾಗಿಲು, ನಡುಮನೆಯ ಕಂಪ್ಯೂಟರ್

ಜಂಗಮಕೋಟೆಯ ಕಲ್ಯಾಣಿಯ ಹುಳುಮನೆಗೆ ದೇವರೇ ಬಂದರೂ ಕಾಲು ತೊಳೆಯದೆ ಒಳಗೆ ಹೋಗುವಂತಿರಲಿಲ್ಲ ನೋಡಿ. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ನೀರು, ಪಕ್ಕದಲ್ಲಿ ಸುಣ್ಣ. ರೇಷ್ಮೆಹುಳುವಿಗೆ ರೋಗ ಬರುವುದು ಹೊರಗಿನವರ ಕಾಲಿನಿಂದ ಎಂದು ಅತ್ತೆ ಗಂಗುಲಮ್ಮ ಕಲಿಸಿದ್ದಳು.

ನಡುಮನೆಯ ಕಂಪ್ಯೂಟರ್ ಮಾತ್ರ ಊರಿಗೆಲ್ಲ ಬಿಟ್ಟ ಜಗಲಿ. ಭಜನೆಯವರು, ಮದುವೆ ಫೋಟೋ ನೋಡುವವರು, ಯಾರು ಬಂದರೂ ಅವರ ಪೆನ್‌ಡ್ರೈವ್ ಅದರೊಳಗೆ. ಗಂಗುಲಮ್ಮನ ಹಾಡುಗಳೂ ಅದರಲ್ಲೇ ಇದ್ದವು. ರಾಗಿ ಬೀಸುವ ಹಾಡು, ಹಸೆಗೆ ಕರೆಯುವ ಹಾಡು, ಎಲ್ಲವನ್ನೂ ಕಲ್ಯಾಣಿಯೇ ಮೈಕು ಹಿಡಿದು ತುಂಬಿಸಿದ್ದು. ಹೋದ ವರ್ಷ ಲಕ್ವ ಹೊಡೆದು ಅತ್ತೆಯ ಮಾತು ನಿಂತಿತು. ಸಂಜೆ ಕಲ್ಯಾಣಿ ಹಾಡು ಹಾಕಿದರೆ ಮುದುಕಿ ತನ್ನ ದನಿಯನ್ನೇ ಕೇಳುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಚಿಕ್ಕಬಳ್ಳಾಪುರದಿಂದ ಬಂದ ನಾದಿನಿ ಯಾಮಿನಿ ಪರದೆಯ ಮೇಲಿನ ಎಚ್ಚರಿಕೆ ಓದಿ ಹೌಹಾರಿದಳು.

"ಅತ್ತಿಗೆ, ಈ ಹಳೇ ವಿಂಡೋಸ್‌ಗೆ ಇನ್ಮೇಲೆ ಕಾವಲಿಲ್ಲ ಅಂತ ಬರ್ತೈತೆ. ಅದರ ಬದಲು ಲಿನಕ್ಸ್ ಹಾಕ್ಕೊಡ್ತೀನಿ, ಪುಗಸಟ್ಟೆ. ನೀನು ನೋಡೋ ವಿಡಿಯೋ, ಹಾಡು ಎಲ್ಲ ಅದರಲ್ಲೂ ಬರ್ತದೆ."

"ಪುಗಸಟ್ಟೆ ಕೊಡೋರು ಯಾರಮ್ಮ? ಕೆಟ್ಟರೆ ಯಾರನ್ನ ಕೇಳಣ?"

"ಎಲ್ಲೆಲ್ಲಿಂದಲೋ ಜನ ಸೇರಿ ಕಟ್ಟಿದ್ದು ಕಣೇ. ಅಮ್ಮನ ಹಾಡು ಯಾರು ಕಟ್ಟಿದ್ದು ಹೇಳು? ಹಂಗೇ."

ಕಲ್ಯಾಣಿಗೆ ಮಾತು ಹಿಡಿಸಿತು. ಆದರೂ ಬೇಡವೆಂದು ತಲೆಯಾಡಿಸಿದಳು. "ಹುಳ ಜ್ವರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು. ಬೆಳೆ ಮನೇಲಿರೋವಾಗ ನಾವು ಗೋಡೆಗೆ ಮೊಳೇನೂ ಹೊಡೆಯಲ್ಲ. ಗೂಡು ಮಾರ್ಕೆಟ್ಟಿಗೆ ಹೋಗ್ಲಿ, ಆಮೇಲೆ ಹಾಕು."

"ಹಾಡನ್ನಾದ್ರೂ ಕಾಪಿ ಮಾಡ್ಕೋತೀನಿ."

"ಮುಟ್ಟಬೇಡ ಅಂದ್ರೆ ಮುಟ್ಟಬೇಡ."

ಹುಳುಗಳು ಪೊರೆ ಬಿಟ್ಟು ಎದ್ದ ಮಧ್ಯಾಹ್ನ ಪಕ್ಕದ ಮನೆಯ ಕೋನಪ್ಪ ಬಂದ. ಹುಳುಮನೆಯತ್ತ ಇಣುಕಿದ್ದೇ ತಡ, "ಆಚೆ ನಿಂತ್ಕೋ ಮಾವ, ಕಾಲು ನೋಡು!" ಎಂದು ಕಲ್ಯಾಣಿ ಗದರಿದಳು.

"ಏಮಮ್ಮಾ, ನಾನೇನು ರೋಗಾನಾ?" ಕೋನಪ್ಪ ನಗುತ್ತ ಜೇಬಿನಿಂದ ಪೆನ್‌ಡ್ರೈವ್ ತೆಗೆದ. ಮೊಮ್ಮಗಳ ನಾಮಕರಣದ ಫೋಟೋ, ಹತ್ತಾರು ಕೈ ದಾಟಿ ಬಂದದ್ದು. ಅದಕ್ಕೆ ಮಾತ್ರ ಕಲ್ಯಾಣಿ ಕೈ ಚಾಚಿದಳು.

ಒತ್ತಿದರೆ ಫೋಟೋ ಬರಲಿಲ್ಲ. ಕಪ್ಪು ಚೌಕವೊಂದು ಮಿಂಚಿ ಮಾಯವಾಯಿತು. "ಕೆಟ್ಟೋಗೈತೆ" ಎಂದು ಹಿಂದಿರುಗಿಸಿ, ಕಾಲು ತೊಳೆದು, ಸೊಪ್ಪು ಹಾಕಲು ಹೋದಳು. ಒಳಗೆ ಹುಳುಗಳು ಸರಸರ ಮೇಯುತ್ತಿದ್ದವು. ನಡುಮನೆಯಲ್ಲಿ ಕಂಪ್ಯೂಟರೂ ಗೊರಗೊರ ಎನ್ನುತ್ತಿತ್ತು, ಯಾರೂ ಮುಟ್ಟದೆ.

ಸಂಜೆ ನೋಡಿದರೆ ಹೆಚ್ಚಿನ ಹಾಡುಗಳ ಹೆಸರಿನ ಕೊನೆಗೆ ಗೊತ್ತಿಲ್ಲದ ಅಕ್ಷರಗಳ ಬಾಲ. ಒತ್ತಿದರೆ ಸದ್ದಿಲ್ಲ. ಅವಳ ಕಣ್ಣೆದುರೇ ಇನ್ನೊಂದು ಹಾಡಿಗೆ ಬಾಲ ಬೆಳೆಯಿತು. ಕಲ್ಯಾಣಿ ಪ್ಲಗ್ ಕಿತ್ತಳು.

ಮರುದಿನ ಸುದ್ದಿ ಕೇಳಿ ಬಂದ ಯಾಮಿನಿ ತನ್ನ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಬ್ಬಿಸಿದಳು, ಹಳೆಯ ವಿಂಡೋಸನ್ನು ಏಳಗೊಡಲಿಲ್ಲ.

"ಇದೇ ಇದ್ದಿದ್ರೆ ಹಾಡು ಉಳೀತಿತ್ತಾ?" ಕಲ್ಯಾಣಿ ಕೇಳಿದಳು.

"ಈ ರೋಗ ಇದಕ್ಕೆ ತಗಲ್ತಿರಲಿಲ್ಲವೇನೋ. ಕಂಡೋರ ಪೆನ್‌ಡ್ರೈವ್ ಚುಚ್ತಾ ಇದ್ರೆ ಇದಕ್ಕೂ ಒಂದಿನ ಬರ್ತದೆ, ಅತ್ತಿಗೆ. ಇಲ್ಲೂ ಕಾಲು ತೊಳೆಸ್ಬೇಕಿತ್ತು."

ಹಾಡುಗಳಿಗೆಲ್ಲ ವೈರಸ್ಸಿನ ಬೀಗ ಬಿದ್ದಿತ್ತು. ಕೊನೆಯದೊಂದಕ್ಕೆ ಮಾತ್ರ ಬಾಲವಿರಲಿಲ್ಲ. ಯಾಮಿನಿ ಒತ್ತಿದಳು. ಮೊದಲು ಕೆಮ್ಮು. ಆಮೇಲೆ ಗಂಗುಲಮ್ಮನ ದನಿ:

"ಸಾಕು ಕಣಮ್ಮ, ಗಂಟಲು ಕಟ್ತದೆ. ನಾಳೆ ಹಾಡ್ತೀನಿ."

ಅಷ್ಟೇ. ಮಂಚದ ಮೇಲೆ ಮುದುಕಿ ತುಟಿ ತೆರೆದು, ಹಾಡು ಶುರುವಾಗಲೆಂದು ಕಾಯುತ್ತಿದ್ದಳು.